ಕೆಂಪಮ್ಮನ ಮುಖದ ನೀಲಿ

ಮೊನ್ನೆ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಯೋಣವೆಂದು ಒಂದು ಡಬ್ಬ ಎನಾಮಲ್ ಪೇಂಟು ತಂದಿದ್ದೆ. ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿ ತೆಗೆದೆ. ಒಳಗಿದ್ದುದು ನೀಲಿ. ನಾನು ಕೇಳಿದ್ದು ಹಸಿರು. ಅಂಗಡಿಯವನೂ ನೋಡಿ ಕೊಟ್ಟಿರಲಿಲ್ಲ, ನಾನೂ ನೋಡಿ ತಂದಿರಲಿಲ್ಲ. ಆ ನೀಲಿ ಕಣ್ಣಿಗೆ ಬಿದ್ದದ್ದಕ್ಕೂ ಟರ್ಪೆಂಟೈನಿನ ವಾಸನೆ ಮೂಗಿಗೆ ಹೊಡೆದದ್ದಕ್ಕೂ ಸರಿಹೋಯಿತು. ಡಬ್ಬ ಕೆಳಗಿಟ್ಟು ಜಗಲಿಯ ಮೇಲೆ ಕೂತುಬಿಟ್ಟೆ.

"ಯಾಕ್ರೀ, ತಲೆ ಸುತ್ತು ಬಂತಾ?" ಎಂದಳು ನನ್ನ ಹೆಂಡತಿ.

"ಇಲ್ಲ ಬುಡು," ಎಂದೆ.

ತಲೆಸುತ್ತಲ್ಲ ಅದು, ಹೇಸಿಗೆ. ಹನ್ನೆರಡು ವರ್ಷ ಹಳೆಯದು. ಅದರಲ್ಲಿ ಅರ್ಧ ಬೇರೆಯವರ ಮೇಲಿನದು, ಇನ್ನರ್ಧ ನನ್ನ ಮೇಲೆಯೇ.

ಹೆಗ್ಗಡದೇವನಕೋಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಆರ್ಟಿಸ್ಟ್ ಅಣ್ಣ ಇದ್ದರು. ಬೋರ್ಡು ಬರೆಯುವವರನ್ನು ನಮ್ಮ ಕಡೆ ಆರ್ಟಿಸ್ಟ್ ಎಂದೇ ಕರೆಯುವುದು. ಒಂದು ಬಾಗಿಲಿನ ಅಂಗಡಿ. ಗೋಡೆಗೆ ಒರಗಿಸಿದ ತಗಡುಗಳು, ಎಣ್ಣೆ ಡಬ್ಬದಲ್ಲಿ ನೆನೆಹಾಕಿದ ಬ್ರಷ್ಷುಗಳು, ಕಿವಿಯ ಮೇಲೆ ಸದಾ ಒಂದು ಸೀಮೆಸುಣ್ಣದ ತುಂಡು. ಮಾತು ಕಡಿಮೆ, ಟೀ ಜಾಸ್ತಿ. ದಿನಸಿ ಅಂಗಡಿ, ಕ್ಷೌರದಂಗಡಿ, ಸೊಸೈಟಿ, ಸ್ಕೂಲು, ಖಾಸಗಿ ಬಸ್ಸಿನ ಹಣೆ, ಕಾಡಿನ ರಸ್ತೆಯ ಎಚ್ಚರಿಕೆ ಫಲಕ, ಏನೇ ಇರಲಿ ಅವರ ಕೈಯಲ್ಲೇ ಆಗಬೇಕು. ಅವರು ಬರೆದ ಒತ್ತಕ್ಷರವನ್ನು ಅರ್ಧ ಫರ್ಲಾಂಗ್ ದೂರದಿಂದ ಓದಬಹುದಿತ್ತು.

ಅವರದೊಂದು ಹಠವಿತ್ತು. ಕಣ್ಣಾರೆ ಕಾಣದ ಪ್ರಾಣಿಯನ್ನು ಬರೆಯುತ್ತಿರಲಿಲ್ಲ. ಒಮ್ಮೆ ಯಾರೋ ತಮ್ಮ ಅಂಗಡಿಗೆ ಸಿಂಹದ ಮುಖ ಬೇಕೆಂದರೆ, ಅಂಗಡಿಗೆ ಬೀಗ ಹಾಕಿ ಮೈಸೂರಿಗೆ ಹೋಗಿ, ಝೂನಲ್ಲಿ ಅರ್ಧ ದಿನ ಸಿಂಹದ ಮುಂದೆ ಕೂತು ಬಂದರು. "ನಿದ್ದೆ ಮಾಡ್ತಾನೇ ಇತ್ತು ಕಣ್ಲಾ," ಎಂದು ಬಂದು ಹೇಳಿದರು. ಬರೆದದ್ದೂ ಕಣ್ಣು ಮುಚ್ಚಿದ ಸಿಂಹವನ್ನೇ. ಅಂಗಡಿಯವನು ಎಗರಾಡಿದ. ಅಣ್ಣ ಮಾತ್ರ ಆ ಕಣ್ಣು ತೆರೆಸಲಿಲ್ಲ.

ನಾನಾಗ ಅಂತರಸಂತೆಯಿಂದಾಚೆಗೆ, ಕಾಡಿಗೆ ಅಂಟಿಕೊಂಡಿದ್ದ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದೆ. ಆಗಿನ ಹೆಸರಿನಲ್ಲಿ ಅದು ಈಗಿಲ್ಲ, ಹೆಸರು ಹೇಳಿ ಆಗಬೇಕಾದದ್ದೂ ಇಲ್ಲ. ಸಾಮಾನು ತರಲು ಕೋಟೆಗೆ, ಅಂದರೆ ಹೆಗ್ಗಡದೇವನಕೋಟೆಗೆ, ಹೋದಾಗಲೆಲ್ಲ ವಾಪಸು ಬರುವಾಗ ಅಣ್ಣ ಜೀಪು ಹತ್ತುತ್ತಿದ್ದರು. ಕಾಕನಕೋಟೆ ಕಡೆಯ ರಸ್ತೆಯಲ್ಲಿ ಒಂದು ದೊಡ್ಡ ಬಸರಿ ಮರವಿತ್ತು. ಅಲ್ಲಿ ಇಳಿದು, ಸಂಜೆಯ ಬಸ್ಸು ಬರುವತನಕ ಎದುರಿನ ಮೋರಿಕಟ್ಟೆಯ ಮೇಲೆ ಕೂತು ಕೋತಿಗಳನ್ನು ನೋಡುತ್ತಿದ್ದರು. ನನಗೆ ಬಿಡುವಿದ್ದ ದಿನ ನಾನೂ ಜೊತೆಗೆ ಕೂರುತ್ತಿದ್ದೆ.

ಅಲ್ಲಿಯವರೆಗೆ ನನಗೆ ಕೋತಿಯೆಂದರೆ ಕೋತಿ ಅಷ್ಟೇ. ಹೊಲಕ್ಕೆ ಬಂದರೆ ಕಲ್ಲು, ಗುಡಿಯ ಹತ್ತಿರ ಬಂದರೆ ಕೈ ಮುಗಿಯುವುದು. ಅವುಗಳ ತಲೆಗೂದಲು ನಡುವೆ ಬೈತಲೆ ತೆಗೆದ ಹಾಗೆ ಎರಡು ಕಡೆಗೆ ಬಾಚಿಕೊಂಡಿರುತ್ತದೆಂದು ತೋರಿಸಿಕೊಟ್ಟವರು ಅಣ್ಣ. ಕೆಳದುಟಿಗೆ ಕಾಡಿಗೆ ಎಳೆದಂಥ ಕಪ್ಪು ಅಂಚಿರುವುದನ್ನೂ, ಸಿಕ್ಕಿದ ಹಣ್ಣನ್ನು ಮೊದಲು ಕೆನ್ನೆಯ ಚೀಲಕ್ಕೆ ತುಂಬಿಕೊಂಡು ಆಮೇಲೆ ಪುರಸೊತ್ತಿನಲ್ಲಿ ತಿನ್ನುವುದನ್ನೂ ಅವರೇ ತೋರಿಸಿದ್ದು. ಗಂಡುಗಳು ಬೆಳೆದು ಬೇರೆ ಹಿಂಡಿಗೆ ಹೋಗುತ್ತವಂತೆ, ಹೆಣ್ಣುಗಳು ಹುಟ್ಟಿದ ಹಿಂಡಿನಲ್ಲೇ ಸಾಯುವ ತನಕ ಇರುತ್ತವಂತೆ. "ಅಜ್ಜಿ, ಅವ್ವ, ಮಗ್ಳು, ಎಲ್ಲಾ ಒಂದೇ ಮರದಾಗೆ. ನಮ್ ಮನೆಗಳಾಗೇ ಇಲ್ಲ ಅದು," ಎನ್ನುತ್ತಿದ್ದರು. ಪಕ್ಕದ ಮತ್ತಿ ಮರದಲ್ಲಿ ಕರಿಮುಖದ ಮುಸುವಗಳ ಹಿಂಡೂ ಒಂದಿತ್ತು. ಅವು ಚಿಗುರು ತಿಂದು ಉದುರಿಸಿದ್ದನ್ನು ಕೆಳಗೆ ಜಿಂಕೆಗಳು ತಿನ್ನುತ್ತಿದ್ದವು. ಅಣ್ಣ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಗೀಚಿಕೊಳ್ಳುತ್ತ ಕೂತಿರುತ್ತಿದ್ದರು...

ಆ ಕೋತಿಗಳ ಹಿಂಡಿನಲ್ಲಿ ಒಂದು ಹೆಣ್ಣಿತ್ತು. ಹೆಣ್ಣುಗಳ ಮುಖ ಕೆಂಪೇರುವುದುಂಟು, ಇದರದು ಮಾತ್ರ ದಾಸವಾಳದ ಕೆಂಪು. ಅಣ್ಣ ಅದಕ್ಕೆ ಕೆಂಪಮ್ಮ ಎಂದು ಹೆಸರಿಟ್ಟಿದ್ದರು. ಆ ಕೆಂಪು ಕಲಸಲು ಒಂದು ವಾರ ಒದ್ದಾಡಿದರಂತೆ. ಕೊನೆಗೆ ಕೆಂಪಿಗೆ ಚೂರು ಹಳದಿ, ಚೂರು ಕಪ್ಪು ಹಾಕಿ ತಂದು, ಮೋರಿಕಟ್ಟೆಯ ಮೇಲೆ ತಗಡಿಟ್ಟುಕೊಂಡು, ಕೆಂಪಮ್ಮನನ್ನು ಎದುರಿಗಿಟ್ಟುಕೊಂಡೇ ಬರೆದರು. ಅದರ ಕೆಳಗೆ 'ಕೋತಿಗಳಿಗೆ ತಿಂಡಿ ಹಾಕಬೇಡಿ' ಎಂದು ಬರೆದು, ಕೇಳಬೇಕಾದವರನ್ನು ಕೇಳಿಕೊಂಡು, ಆ ಬೋರ್ಡನ್ನು ಬಸರಿ ಮರದ ಬುಡದಲ್ಲೇ ನೆಟ್ಟರು. ಅದನ್ನು ಯಾರೂ ಅವರಿಗೆ ಹೇಳಿ ಮಾಡಿಸಿದ್ದಲ್ಲ.

ಜನ ಏನು ಮಾಡಿದರು ಗೊತ್ತೆ? ಬೋರ್ಡು ಚೆನ್ನಾಗಿದೆಯೆಂದು ಕಾರು ನಿಲ್ಲಿಸತೊಡಗಿದರು. ಬೋರ್ಡಿನ ಕೋತಿಯ ಪಕ್ಕ ನಿಜವಾದ ಕೋತಿಯೂ ಫೋಟೋದಲ್ಲಿ ಬರಲಿ ಎಂದು ಚಿಪ್ಸು ಎರಚಿದರು. ಓದಲು ಬರುವ ಜನ, ಕೂಲಿಂಗ್ ಗ್ಲಾಸಿನ ಜನ. ಮಕ್ಕಳ ಕೈಗೆ ಬಿಸ್ಕತ್ತು ಕೊಟ್ಟು "ಹಾಕು ಪುಟ್ಟ, ಹಾಕು" ಎನ್ನುವ ಅಪ್ಪಂದಿರು. ಥೂ. ಕಾಡಿನೊಳಗೆ ಹಣ್ಣು ಹುಡುಕಿಕೊಂಡು ತಿರುಗುತ್ತಿದ್ದ ಹಿಂಡು ಮೂರು ತಿಂಗಳಲ್ಲಿ ರಸ್ತೆಗೆ ಬಂದು ಕೂತಿತು. ಕೆಂಪಮ್ಮ ಎಲ್ಲರಿಗಿಂತ ಮುಂದೆ. ಹೊಟ್ಟೆಗೆ ಮರಿ ಅವಚಿಕೊಂಡು ಬಂದು, ಮನುಷ್ಯರ ಬೆರಳಿನಿಂದಲೇ ಬಿಸ್ಕತ್ತು ಕಿತ್ತುಕೊಳ್ಳುವಷ್ಟು ಸಲಿಗೆಯಾಗಿಬಿಟ್ಟಿತ್ತು.

"ನನ್ ಬೋರ್ಡೇ ಕೆಲ್ಸ ಕೆಡಿಸ್ತು ಕಣ್ಲಾ," ಎಂದರು ಅಣ್ಣ ಒಂದು ದಿನ.

ಅದೇ ಬೋರ್ಡು ನಮ್ಮ ಮ್ಯಾನೇಜರನ ಕಣ್ಣಿಗೂ ಬಿತ್ತು. ಆತ ಹೊರಗಿನಿಂದ ಬಂದವನು, ಕಾಡು ಎಂದರೆ ಗೆಸ್ಟುಗಳು ಬರುವ ಜಾಗ ಎಂದಷ್ಟೇ ತಿಳಿದವನು. ರೆಸಾರ್ಟಿನ ಗೇಟಿಗೆ ದೊಡ್ಡದೊಂದು ಕೋತಿಯ ಚಿತ್ರ ಬೇಕು, ಕೈಯಲ್ಲೇ ಬರೆದದ್ದಾಗಬೇಕು ಎಂದ. ಆರ್ಟಿಸ್ಟನ್ನು ನಾನು ಒಪ್ಪಿಸುತ್ತೇನೆ ಸಾರ್ ಎಂದು ಎದೆ ತಟ್ಟಿಕೊಂಡೆ. ಆಮೇಲೆ ಆತ ಮೊಬೈಲಿನಲ್ಲಿ ಚಿತ್ರ ತೋರಿಸಿದ. ಯಾವುದೋ ದೂರದೇಶದ ಕಾಡಿನ ಕೋತಿ. ಮೂಗಿನುದ್ದಕ್ಕೂ ಕೆಂಪು, ಎರಡು ಕೆನ್ನೆಗೂ ಗೀರು ಗೀರಾದ ನೀಲಿ, ಗಲ್ಲದಲ್ಲಿ ಹಳದಿ ಗಡ್ಡ. "ನಿಮ್ಮ ಕೋತಿ ಡಲ್ ಕಣ್ರೀ, ಇದು ಕಲರ್‌ಫುಲ್," ಎಂದ.

ಅಣ್ಣ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಚಂದಾಗದೆ. ದೇವ್ರೇ ಕೂತ್ಕಂಡು ಬಳಿದವ್ನೆ. ಆದ್ರೆ ಇದು ನಮ್ ಕಾಡಾಗಿಲ್ಲ, ನಾನೂ ಕಂಡಿಲ್ಲ. ಬರೆಯಾಕಿಲ್ಲ," ಎಂದರು.

ನಾನು ಬಿಡಲಿಲ್ಲ. ಗಲ್ಲಿಗೆ ನಾಲ್ಕು ಸಲ ಹೋದೆ. "ನನ್ ಮರ್ಯಾದೆ ಪ್ರಶ್ನೆ ಅಣ್ಣ. ಬರೀ ಬೋರ್ಡು ತಾನೆ, ಇದ್ರಿಂದ ಯಾರಿಗೇನಾಯ್ತದೆ?" ಎಂದೆ. ನನ್ನ ಮುಖ ನೋಡಿ ಒಪ್ಪಿಕೊಂಡರು. ಒಂದು ಷರತ್ತು ಹಾಕಿದರು. ಚಿತ್ರದ ಕೆಳಗೆ ತಾವು ಒಂದು ಸಾಲು ಬರೆಯುವುದಾಗಿ, ಅದನ್ನು ಯಾರೂ ಮುಟ್ಟಕೂಡದೆಂದು. ಸಾಲು ಇಷ್ಟೇ: 'ಈ ಪ್ರಾಣಿ ನಮ್ಮ ಕಾಡಿನದಲ್ಲ. ನಮ್ಮ ಕಾಡಿನದನ್ನು ಉಳಿಸಿ.'

ಎರಡು ದಿನ ಗೇಟಿನ ಹತ್ತಿರ ನಿಂತು ಬರೆದರು. ಆ ಕೆನ್ನೆಯ ನೀಲಿ ಡಬ್ಬದಿಂದ ತೆಗೆದು ಹಾಗೇ ಬಳಿದದ್ದಲ್ಲ. ನೀಲಿಗೆ ಬಿಳಿ ಬೆರೆಸಿ, ಕಡ್ಡಿಯ ತುದಿಯಲ್ಲಿ ಒಂದೇ ಒಂದು ತೊಟ್ಟು ಹಸಿರು ಬಿಟ್ಟು ಕಲಸಿದ್ದರು. ಬೋರ್ಡು ಮುಗಿಸಿ, ಮಿಕ್ಕ ಬಣ್ಣದ ಡಬ್ಬಗಳನ್ನು ಆಮೇಲೆ ಒಯ್ಯುತ್ತೇನೆಂದು ನಮ್ಮ ಜೀಪು ಶೆಡ್ಡಿನಲ್ಲಿಟ್ಟು, ಸಂಜೆಯ ಬಸ್ಸಿಗೆ ಹೊರಟುಹೋದರು. ಬಸ್ಸಿನ ಧೂಳು ಅಡಗುವ ಮೊದಲೇ ಮ್ಯಾನೇಜರ್, "ಆ ಲೈನ್ ತೆಗ್ಸು. ಗೆಸ್ಟ್ ಓದಿದ್ರೆ ಏನಂದ್ಕೋತಾರೆ," ಎಂದ. ಬಣ್ಣ ಇನ್ನೂ ಹಸಿಯಾಗಿತ್ತು. ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ ಒರೆಸಿದವನು ನಾನೇ. ಎರಡು ನಿಮಿಷದ ಕೆಲಸ. ಅಷ್ಟು ಅಚ್ಚುಕಟ್ಟಾದ ಅಕ್ಷರಗಳು...

ಸಾಲು ಹೋದ ಮೇಲೆ ಉಳಿದದ್ದು ಬರೀ ಬಣ್ಣದ ಕೋತಿ. ಬಂದವರೆಲ್ಲ ಅದನ್ನೇ ಕೇಳತೊಡಗಿದರು. ಹುಲಿ ಬೇಡ, ಆನೆ ಬೇಡ, ಆ ನೀಲಿ ಕೆನ್ನೆಯದು ಎಲ್ಲಿದೆ? ಇಲ್ಲ ಸಾರ್ ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. "ಲಕ್ ಇರಬೇಕು ಸಾರ್, ನೆನ್ನೆ ಬೆಳಿಗ್ಗೆ ಕಾಣಿಸಿತ್ತು," ಎಂದು ನಾನು ಸುಳ್ಳು ಹೇಳಲು ಕಲಿತೆ. ಎಷ್ಟು ಬೇಗ ಕಲಿತೆನೆಂದರೆ ನನಗೇ ನಾಚಿಕೆಯಾಗುತ್ತದೆ. ಪೊದೆಯತ್ತ ಬೆರಳು ತೋರಿಸಿ "ಅಗೋ, ಹೋಯ್ತು" ಎನ್ನುತ್ತಿದ್ದೆ. ಹಿಂದಿನ ಸೀಟಿನವರು "ನಾನು ನೋಡ್ದೆ, ನಾನು ನೋಡ್ದೆ" ಎಂದು ಕಿರುಚುತ್ತಿದ್ದರು.

ಆಮೇಲೆ ಯಾರೋ ದೊಡ್ಡ ಮನುಷ್ಯರ ಗುಂಪು ಬರುತ್ತದೆಂದು ಮ್ಯಾನೇಜರನಿಗೆ ಸುದ್ದಿ ಬಂತು. ಬಣ್ಣದ ಕೋತಿ ತೋರಿಸುತ್ತೇನೆಂದು ಫೋನಿನಲ್ಲಿ ಹೇಳಿಬಿಟ್ಟಿದ್ದನಂತೆ. ಅವತ್ತು ಬೆಳಿಗ್ಗೆ ಶೆಡ್ಡಿಗೆ ಬಂದು ಅಣ್ಣನ ನೀಲಿ ಡಬ್ಬ, ಕೆಂಪು ಡಬ್ಬ ಎತ್ತಿಕೊಂಡ. "ಕೈಗೆ ಬರೋ ಕೋತಿ ಯಾವುದಾದ್ರೂ ಇದೆಯಾ?" ಎಂದು ನನ್ನನ್ನು ಕೇಳಿದ.

ನಾನು ಇಲ್ಲ ಎನ್ನಬಹುದಿತ್ತು. ಇದೆ ಎಂದೆ.

ಬಸರಿ ಮರದ ಕೆಳಗೆ ಬಿಸ್ಕತ್ತು ತೋರಿಸಿದೆ. ಕೆಂಪಮ್ಮ ಬಂತು. ಬಿಸ್ಕತ್ತಿಗೆ ಕೈ ಚಾಚಿದಾಗ ಗೋಣಿಚೀಲ ಮುಚ್ಚಿ ಹಿಡಿದೆ, ತಲೆ ಮಾತ್ರ ಹೊರಗಿರುವಂತೆ ಅದುಮಿಕೊಂಡೆ. ಮರಿ ಹೊಟ್ಟೆಯಿಂದ ಜಾರಿ ಜೀಪಿನ ಬಾನೆಟ್ಟಿನ ಮೇಲೆ ಹತ್ತಿ ಕಿರುಚತೊಡಗಿತು. ಮ್ಯಾನೇಜರ್ ಒಂದು ಕೈಯಲ್ಲಿ ಮೊಬೈಲು ಹಿಡಿದು, ಆ ಚಿತ್ರ ನೋಡಿ ನೋಡಿ, ಇನ್ನೊಂದು ಕೈಯಿಂದ ಬ್ರಷ್ ಆಡಿಸಿದ. ಮೂಗಿಗೆ ಕೆಂಪು, ಕೆನ್ನೆಗೆ ನೀಲಿ. ಕಣ್ಣಿನ ಹತ್ತಿರ ಮೆತ್ತಿಕೊಂಡದ್ದನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದ. ಚೀಲದೊಳಗೆ ಅದರ ಎದೆ ನನ್ನ ಅಂಗೈಗೆ ಡಬಡಬ ಬಡಿಯುತ್ತಿತ್ತು. ಇದನ್ನು ಬರೆಯುವಾಗಲೂ ನನ್ನ ಅಂಗೈ ನನಗೆ ಬೇಡ ಅನ್ನಿಸುತ್ತಿದೆ.

ಗುಂಪು ಬಂತು, ನೋಡಿತು, ಚಪ್ಪಾಳೆ ತಟ್ಟಿತು. ಕೆಂಪಮ್ಮ ಒಂದು ಕಣ್ಣು ಮುಚ್ಚಿಕೊಂಡು, ಎರಡೂ ಕೈಯಲ್ಲಿ ಮುಖ ತಿಕ್ಕಿಕೊಳ್ಳುತ್ತ, ಬೆರಳು ನೆಕ್ಕುತ್ತ ಕೂತಿತ್ತು. "ಸೋ ಕ್ಯೂಟ್, ಮುಖ ತೊಳ್ಕೊಳ್ತಾ ಇದೆ," ಎಂದಳು ಒಬ್ಬಾಕೆ. ಬಂದವರಲ್ಲಿ ಒಬ್ಬರಿಗೂ ಅದು ಪೇಂಟು ಎಂದು ತಿಳಿಯಲಿಲ್ಲವೆಂದರೆ ನಾನು ಈಗಲೂ ನಂಬುವುದಿಲ್ಲ. ಫೋಟೋ ಬಂದರೆ ಸಾಕಿತ್ತು ಅವರಿಗೆ.

ಹಿಂಡು ಅದನ್ನು ಹತ್ತಿರ ಸೇರಿಸಲಿಲ್ಲ. ಹೇನು ಹೆಕ್ಕಲು ಬಂದ ಇನ್ನೊಂದು ಹೆಣ್ಣು ಮೂಸಿ ನೋಡಿ ಹಲ್ಲು ಕಿಸಿದು ಹಿಂದೆ ಸರಿಯಿತು. ಮರಿ ಮಾತ್ರ ಮೊಲೆ ಬಿಡಲಿಲ್ಲ. ಮಾರನೆಯ ದಿನ ಆ ಮರಿಯ ಬಾಯಿಯೂ ನೀಲಿಯಾಗಿತ್ತು. ಮೂರನೆಯ ದಿನ ಅಣ್ಣ ತಮ್ಮ ಡಬ್ಬ ಒಯ್ಯಲೆಂದು ಬಂದವರು, ಮೊದಲು ಮಾಮೂಲಿನಂತೆ ಬಸರಿ ಮರದ ಹತ್ತಿರ ಬಸ್ಸಿಳಿದರು. ನಾನು ಖಾಲಿ ಜೀಪಿನಲ್ಲಿ ಆ ದಾರಿಯಲ್ಲೇ ಬರುತ್ತಿದ್ದೆ. ಕೆಂಪಮ್ಮ ಬೋರ್ಡಿನ ಕಂಬಕ್ಕೆ ಒರಗಿ ಬಿದ್ದುಕೊಂಡಿತ್ತು. ಮೇಲೆ ತಗಡಿನಲ್ಲಿ ದಾಸವಾಳದ ಕೆಂಪಿನ ಮುಖ, ಕೆಳಗೆ ಇದು.

ಅಣ್ಣ ತಮ್ಮ ಚೀಲದಿಂದ ಕೊಬ್ಬರಿ ಎಣ್ಣೆಯ ಶೀಶೆ ತೆಗೆದರು. ಕೈಗೆ ಮೆತ್ತಿದ ಪೇಂಟು ಬಿಡಿಸಿಕೊಳ್ಳಲು ಅದನ್ನು ಯಾವಾಗಲೂ ಇಟ್ಟುಕೊಂಡಿರುತ್ತಿದ್ದರು. ಪಂಚೆಯ ಅಂಚು ಹರಿದು, ಎಣ್ಣೆಯಲ್ಲಿ ಅದ್ದಿ, ಕಣ್ಣಿನ ಸುತ್ತ ಒರೆಸತೊಡಗಿದರು. ಅದು ಕಚ್ಚಲೂ ಇಲ್ಲ, ಓಡಲೂ ಇಲ್ಲ. ಬಟ್ಟೆಗೆ ಬಂದ ನೀಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಆ ಒಂದು ತೊಟ್ಟು ಹಸಿರು ಅವರಿಗೆ ಗೊತ್ತಾಗದೆ ಇರುತ್ತದೆಯೆ?

"ಇದು ನಾನ್ ಕಲಸಿದ್ದು," ಎಂದರು. ಆಮೇಲೆ, ತಲೆ ಎತ್ತದೆ, "ಯಾರ್ಲಾ ಹಿಡ್ಕಂಡಿದ್ದು?"

"ಗೊತ್ತಿಲ್ಲ ಅಣ್ಣ," ಎಂದೆ.

ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ನನ್ನ ಬಲಗೈಯ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ನೀಲಿ ಕೂತಿತ್ತು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಸೀಮೆಎಣ್ಣೆ ಹಾಕಿ ಉಗುರು ತೊಳ್ಕೊ," ಎಂದರು. "ಹೋಯ್ತದೆ."

ಅಷ್ಟೇ. ನನ್ನೊಂದಿಗೆ ಅವರಾಡಿದ ಕೊನೆಯ ಮಾತು ಅದು.

ಮಧ್ಯಾಹ್ನದ ಹೊತ್ತಿಗೆ ಕೆಂಪಮ್ಮ ಸತ್ತಿತು. ಆಮೇಲಿನದು ಇನ್ನೂ ಹೇಸಿಗೆ. ಕೋತಿ ಸತ್ತರೆ ನಮ್ಮ ಕಡೆ ಹಾಗೇ ಬಿಸಾಡುವುದಿಲ್ಲ, ಅದು ಹನುಮಂತ. ಊರಿನವರು ಸೇರಿ ಚಟ್ಟ ಕಟ್ಟಿದರು, ತಮಟೆಯವರು ಬಂದರು. ಅವರದು ನಿಜವಾದ ಭಕ್ತಿ, ಅವರಿಗೇನೂ ತಿಳಿಯದು. ತಿಳಿದವನು ಮ್ಯಾನೇಜರ್. ಎಲ್ಲರಿಗಿಂತ ದೊಡ್ಡ ಹಾರ ತಂದವನು ಅವನೇ. ನೀಲಿ ಕಾಣದಂತೆ ಮುಖದ ತುಂಬ ಅರಿಶಿನ ಕುಂಕುಮ ಮೆತ್ತಿದವನೂ ಅವನೇ. ಮೂಗಿಗೆ ಕೆಂಪು ಬಳಿದ ಅದೇ ಕೈ. ಮೆತ್ತಿ ಮುಗಿಸಿ, ಕಣ್ಣು ಮುಚ್ಚಿ ಕೈ ಮುಗಿದು ನಿಂತು ಫೋಟೋ ತೆಗೆಸಿಕೊಂಡ. ನಾನೇನು ಕಡಿಮೆಯೆ? ಚಟ್ಟಕ್ಕೆ ಹೆಗಲು ಕೊಟ್ಟೆ. "ಪುಣ್ಯವಂತ ಕಣ್ಲಾ ನೀನು," ಎಂದರು ಊರಿನ ಹಿರಿಯರೊಬ್ಬರು.

ಮರಿಯನ್ನು ಇನ್ನೊಂದು ಹೆಣ್ಣು ಎರಡು ದಿನ ಹೊತ್ತುಕೊಂಡು ತಿರುಗಿದ್ದನ್ನು ಕಂಡೆ. ಆಮೇಲೆ ಕಾಣಲಿಲ್ಲ...

ಅಣ್ಣ ಮೆರವಣಿಗೆಗೆ ಬರಲಿಲ್ಲ. ಅವರು ಆ ಹೊತ್ತಿನಲ್ಲಿ ರೆಸಾರ್ಟಿನ ಗೇಟಿಗೆ ಹೋಗಿ, ತಾವು ಬರೆದಿದ್ದ ಬಣ್ಣದ ಕೋತಿಯ ಮೇಲೆ ಅಂಚಿನಿಂದ ಅಂಚಿಗೆ ಕಪ್ಪು ಬಳಿದು ಬಸ್ಸು ಹತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅಲ್ಲಿ ಅದೇ ಕೋತಿಯ ಫ್ಲೆಕ್ಸು ಬಂತು. ಬಸರಿ ಮರದ ಹತ್ತಿರ ಕೆಂಪಮ್ಮನನ್ನು ಹೂತ ಗುಂಡಿಯ ಮೇಲೊಂದು ಹನುಮಂತನ ಗುಡಿ ಎದ್ದಿತು. ವಿಗ್ರಹಕ್ಕೆ ಬಣ್ಣ ಹಚ್ಚಲು ಊರಿನವರು ಅಣ್ಣನನ್ನು ಕರೆಯಲು ಹೋದರೆ, "ಮುಖ ಬರೆಯೋದು ಬುಟ್ಬುಟ್ಟೆ ಕಣ್ರಪ್ಪ," ಎಂದರಂತೆ. ಅವತ್ತಿನಿಂದ ಅವರು ಬರೀ ಅಕ್ಷರ ಬರೆದರು. ನಂಬರ್ ಪ್ಲೇಟು, ಸ್ಕೂಲಿನ ಗೋಡೆ, ಸೊಸೈಟಿಯ ಬೋರ್ಡು.

ನಾನು ಆ ಕೆಲಸ ಬಿಟ್ಟೆ. ತಕ್ಷಣ ಬಿಟ್ಟೆನೆಂದು ಹೇಳಿಕೊಳ್ಳುವ ಆಸೆಯಿದೆ, ಆದರೆ ಬಿಟ್ಟದ್ದು ಎಂಟು ತಿಂಗಳ ಮೇಲೆ, ಬೇರೆ ಕಡೆ ಕೆಲಸ ಸಿಕ್ಕಿದಾಗ. ಕೋಟೆಗೆ ಹೋದಾಗಲೆಲ್ಲ ಆ ಗಲ್ಲಿ ತಪ್ಪಿಸಿ, ಸುತ್ತು ಹಾಕಿಕೊಂಡು ನಡೆದೆ. ಹನ್ನೊಂದು ವರ್ಷ ಹಾಗೆ ನಡೆದೆ. ಹೋದ ವರ್ಷ ಅಣ್ಣ ತೀರಿಕೊಂಡ ಸುದ್ದಿ ಬಂದಾಗ, ಇನ್ನು ಸುತ್ತು ಹಾಕಬೇಕಾಗಿಲ್ಲ ಎಂದು ಮೊದಲು ಹೊಳೆಯಿತು. ಇಂಥ ಮನುಷ್ಯ ನಾನು.

ತಿಥಿಯ ದಿನ ಹೋದೆ. ನಡುಮನೆಯ ಗೋಡೆಯ ಮೇಲೆ, ಅವರ ಫೋಟೋದ ಪಕ್ಕದಲ್ಲಿ, ತಗಡಿನ ಕೆಂಪಮ್ಮ ಇತ್ತು. ಮರದ ಬುಡದಿಂದ ಯಾವಾಗ ಕಿತ್ತು ತಂದಿದ್ದರೋ. ಬೈತಲೆ, ಕಾಡಿಗೆಯ ತುಟಿ, ದಾಸವಾಳದ ಕೆಂಪು, ಒಂದೂ ಮಾಸಿರಲಿಲ್ಲ. ಊಟ ಮುಗಿಸಿ ಹೊರಡುವಾಗ ಅವರ ಹೆಂಡತಿಗೆ ಕೈ ಮುಗಿದು, "ಬತ್ತೀನಿ ಅತ್ತಿಗೆ," ಎಂದೆ.

"ನೀವು ಅಂತರಸಂತೆ ಜೀಪಿನೋರು ಅಲ್ವಾ?" ಎಂದರು ಅತ್ತಿಗೆ. "ನಿಮ್ ಇಚಾರ ಜಾಸ್ತಿ ಎತ್ತುತಿರ್ನಿಲ್ಲ ಕಣಪ್ಪ. ಕಾಯ್ಲೆ ಬಿದ್ದು ಮಲಗಿದ್ ಮೇಲೆ ಒಂದ್ಸಲ ಕೇಳುದ್ರು. ಆ ಜೀಪಿನೋನ ಉಗುರಿನ ಬಣ್ಣ ಹೋಯ್ತಾ, ಯಾರಾರ ನೋಡುದ್ರಾ, ಅಂತ. ಯಾವ ಬಣ್ಣವೋ ಏನೋ, ನಂಗೇನ್ ಗೊತ್ತಾಯ್ತದೆ."

ನಾನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಬಸರಿ ಮರದ ಗುಡಿಯ ಮುಂದೆ ಈಗ ದಿನಾ ಕಾರುಗಳು ನಿಲ್ಲುತ್ತವೆ. ಹನುಮಂತನಿಗೆ ಎಂದು ಬಾಳೆಹಣ್ಣಿನ ಚಿಪ್ಪುಗಳನ್ನೇ ರಸ್ತೆಗೆ ಎಸೆಯುತ್ತಾರೆ. ಹಣ್ಣಿಗೆ ಓಡಿಬಂದ ಕೋತಿಗಳ ಮೇಲೆ ಹಿಂದಿನ ಕಾರು ಹರಿಯುತ್ತದೆ. ಮತ್ತೆ ಅರಿಶಿನ, ಮತ್ತೆ ಕುಂಕುಮ. ವಿಗ್ರಹಕ್ಕೆ ಬೇರೆ ಯಾರೋ ಬಣ್ಣ ಹಚ್ಚಿದ್ದಾರೆ. ಕೆನ್ನೆಗೆ ನೀಲಿ. ನಾನು ಆ ಕಡೆ ಹೋದರೆ ಗಾಡಿ ನಿಲ್ಲಿಸುವುದಿಲ್ಲ.

ಮೊನ್ನೆ ಡಬ್ಬದ ಮುಚ್ಚಳವನ್ನು ಕಲ್ಲಿನಿಂದ ಬಡಿದು ಮುಚ್ಚಿದೆ. ಮುಚ್ಚುವಾಗ ಹೆಬ್ಬೆರಳಿಗೆ ಸ್ವಲ್ಪ ತಾಗಿತು. ಹಿತ್ತಲಿಗೆ ಹೋಗಿ, ಸೀಮೆಎಣ್ಣೆ ಈಗ ಸಿಗುವುದಿಲ್ಲವಲ್ಲ, ಕೊಬ್ಬರಿ ಎಣ್ಣೆ ಸುರಿದುಕೊಂಡು ಬಟ್ಟೆಯಿಂದ ಉಜ್ಜತೊಡಗಿದೆ. ಎಷ್ಟು ಹೊತ್ತಾಯಿತೋ ಕಾಣೆ. ಹೆಂಡತಿ ಬಂದು ನನ್ನ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದಳು.

"ಬಣ್ಣ ಹೋಗಿ ಎಷ್ಟೊತ್ತಾಯ್ತು," ಎಂದಳು. "ಇನ್ನೂ ಏನ್ ಉಜ್ತಾ ಇದ್ದೀರಿ?"

ಹೋಯಿತು ಎಂದು ಹೇಳಬೇಕಾದವರಿಗೆ ಹೇಳಲು ನನಗೆ ಹನ್ನೊಂದು ವರ್ಷ ಸಮಯವಿತ್ತು. ಗಲ್ಲಿಯ ಆ ಒಂದು ಬಾಗಿಲಿನ ಅಂಗಡಿಯಲ್ಲಿ ಈಗ ಫ್ಲೆಕ್ಸು ಮಾಡುತ್ತಾರೆ.